ಹುರಿ ಹಾಕಿದ ಕಬ್ಬಿಣ

ಮೊನ್ನೆ ಶನಿವಾರ ಅರ್ಧ ದಿನ ಕಬ್ಬಿಣ ತಿರುಚುತ್ತಾ ಕಳೆದೆ. ಕೀಬೋರ್ಡ್ ಕುಟ್ಟೋ ಕೈಗೆ ಇದೆಲ್ಲಾ ಯಾಕೆ ಬೇಕಿತ್ತು ಅಂತ ಹೆಂಡತಿ ನಕ್ಕಳು. ನಮ್ಮ ಹಿತ್ತಿಲ ಗೇಟಿನ ಎರಡು ಸರಳು ತುಕ್ಕು ಹಿಡಿದು ಮುರಿದಿದ್ದವು. ಹೊಸ ಗೇಟ್ ಹಾಕಿಸೋಣ ಅಂದ್ರೆ ಇಲ್ಲಿನ ಕೂಲಿ ಕೇಳಿ ಎದೆ ಧಸಕ್ ಅಂತು. ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ನಲವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು, ಗ್ಯಾರೇಜನ್ನೇ ಒಂದು ಪುಟ್ಟ ವರ್ಕ್‌ಶಾಪ್ ಮಾಡಿಕೊಂಡಿದ್ದಾರೆ. ಮುರಿದ ಸರಳು ತೋರಿಸಿದೆ. "ಇದಕ್ಕೇನು, ಸರಳು ನಾನು ಕೊಡ್ತೀನಿ, ತಿರುಚೋದು ಮಾತ್ರ ನೀನೇ" ಅಂದುಬಿಟ್ಟರು. ಅಂದ ಹಾಗೆ ನಾವಿರೋ ಊರು ಸ್ಯಾನ್ ಹೊಸೆ. ಹೆಸರಲ್ಲೇ 'ಹೊಸೆ' ಇರೋ ಊರಲ್ಲಿ ಕಬ್ಬಿಣ ಹೊಸೆಯದೆ ಇದ್ದರೆ ಹೇಗೆ?

ನಿಜ ಹೇಳಬೇಕು ಅಂದ್ರೆ, ತಿರುಚಿದ ಕಬ್ಬಿಣ ನನ್ನ ತಲೆಯಲ್ಲಿ ಗೇಟಿಗಿಂತ ಮೊದಲೇ ಹೊಕ್ಕಿತ್ತು. ಊರಿಂದ ಅಣ್ಣ ಫೋನ್ ಮಾಡಿದ್ದ. ತಿಪಟೂರಿನ ನಮ್ಮ ಮನೆಯಲ್ಲಿ, ಹಿಂದಿನ ರೂಮಿನ ತಾರಸಿಯಿಂದ ಊಟದ ತಟ್ಟೆಯಷ್ಟು ಅಗಲದ ಕಾಂಕ್ರೀಟ್ ಬಿದ್ದಿದೆ. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಬಿದ್ದ ಜಾಗದಲ್ಲಿ ಕೆಂಪಗೆ ತುಕ್ಕು ಹಿಡಿದ ಕಂಬಿ ಕಾಣ್ತಿದೆ. ನೋಡಿದವರೆಲ್ಲಾ ಒಂದೇ ಮಾತು: "ಇದು ಹಳೇ ಟಾರ್ ಕಂಬಿ ಸಾರ್, ಈಗ ಯಾರೂ ಹಾಕಲ್ಲ, ಪೂರ್ತಿ ಕೆಡವಿ ಹೊಸದಾಗಿ ಕಟ್ಟಿಸಿಬಿಡಿ." ಅಣ್ಣನಿಗೂ ಅದೇ ಸರಿ ಅನ್ನಿಸಿದೆ. ಅಪ್ಪ ಮಾತ್ರ ಒಪ್ಪಲ್ಲ. "ನಾನು ನಿಂತು ಟಾರ್ ಹಾಕ್ಸಿದೀನಿ ಕಣೋ, ಅದಕ್ಕೇನಾಗತ್ತೆ?" ಅಂತ ಪಟ್ಟು. ನೀನೇನು ಹೇಳ್ತೀಯಾ ಅಂತ ಇಬ್ಬರೂ ನನ್ನನ್ನು ಕೇಳಿದರು. ಎಂಟು ಸಾವಿರ ಮೈಲಿ ದೂರ ಕೂತವನು ಏನು ಹೇಳಲಿ? ಗೊತ್ತಿಲ್ಲದೆ ಹೇಳೋದಕ್ಕಿಂತ ಓದಿ ಹೇಳೋಣ ಅಂತ ಕೂತೆ. ಓದಿದ್ದು ಎಲ್ಲೆಲ್ಲಿಗೋ ಕರೆದುಕೊಂಡು ಹೋಯಿತು, ಕೊನೆಗೆ ನಮ್ಮ ಮನೆಯಿಂದ ಒಂದು ಗಂಟೆ ದಾರಿಯ ಒಂದು ಪಾರ್ಕಿಗೇ ತಂದು ನಿಲ್ಲಿಸಿತು!

ಮೊದಲು ಕೆಲಸದ ಮಾತು. ತಿರುಚೋದು ನೋಡೋಕೆ ಸುಲಭ. ಅರ್ಧ ಇಂಚಿನ ಚೌಕ ಸರಳು. ಒಂದು ತುದಿ ವೈಸ್‌ನಲ್ಲಿ ಬಿಗಿ. ಇನ್ನೊಂದು ತುದಿಗೆ, ನಡುವೆ ಚೌಕ ತೂತು ಇರುವ, ಎರಡೂ ಕಡೆ ಹಿಡಿ ಇರುವ ಒಂದು ಹ್ಯಾಂಡಲ್. ಸರಳಿನ ಮೇಲೆ ಒಂದು ಪೈಪು ಏರಿಸಿರಬೇಕು, ಇಲ್ಲದಿದ್ದರೆ ಹಾವಿನ ಹಾಗೆ ಡೊಂಕಾಗುತ್ತೆ. ಎಲ್ಲಿಂದ ಎಲ್ಲಿವರೆಗೆ ಹುರಿ ಬೇಕೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಆಮೇಲೆ ತಿರುಗಿಸೋದು, ಎಣಿಸೋದು. ಅಷ್ಟೇ.

ಸ್ವಲ್ಪ ತಿರುಗಿಸಿ ಕೈಬಿಟ್ಟರೆ ಸ್ಪ್ರಿಂಗಿನ ಹಾಗೆ ವಾಪಸ್ಸು ಬರುತ್ತೆ. ಇನ್ನೂ ಸ್ವಲ್ಪ ಒತ್ತಿದರೆ ಒಂದು ಗಳಿಗೆಯಲ್ಲಿ ಕಬ್ಬಿಣ ಸೋಲುತ್ತೆ. ಅದು ಕಣ್ಣಿಗೆ ಕಾಣೋದಿಲ್ಲ, ಕೈಗೆ ಗೊತ್ತಾಗುತ್ತೆ. ಸೋತ ಮೇಲೆ ವಾಪಸ್ಸು ಬರೋದಿಲ್ಲ. ವಿಚಿತ್ರ ಅಂದ್ರೆ, ಹೀಗೆ ಸೋತ ಕಬ್ಬಿಣ ಮುಂದಿನ ಸುತ್ತಿಗೆ ಮೊದಲಿಗಿಂತ ಹೆಚ್ಚು ಬಲ ಕೇಳುತ್ತೆ. ಮೂರನೇ ಸುತ್ತಿಗೆ ನನ್ನ ಬನಿಯನ್ ಒದ್ದೆ. ಅಜ್ಜ ಕಾಫಿ ಕುಡೀತಾ ನೋಡ್ತಾ ಇದ್ದರು.

ಇದನ್ನು ನಾನು ಮೊದಲು ನೋಡಿದ್ದು ಚಿಕ್ಕಪ್ಪನ ಅಂಗಡಿಯಲ್ಲಿ. ಎಂಬತ್ತರ ದಶಕದಲ್ಲಿ ತಿಪಟೂರಿನ ಬಿ.ಎಚ್. ರಸ್ತೆ ಪಕ್ಕ ಅವರದ್ದೊಂದು ಸಣ್ಣ ವೆಲ್ಡಿಂಗ್ ಶಾಪ್ ಇತ್ತು. ಕಿಟಕಿ ಗ್ರಿಲ್, ಗೇಟು, ನೇಗಿಲಿನ ರಿಪೇರಿ, ಎಲ್ಲಾ ಒಂದೇ ಸೂರಿನಡಿ. ಬೇಸಿಗೆ ರಜೆಯಲ್ಲಿ ಸುತ್ತು ಎಣಿಸೋ ಕೆಲಸ ನನ್ನದು. ಒಂದೊಂದು ಸರಳಿಗೆ ನಾಲ್ಕು ಸುತ್ತು. ಗೇಟಿನ ಎಡ ಬಾಗಿಲಿನ ಸರಳಿಗೆ ಒಂದು ದಿಕ್ಕು, ಬಲ ಬಾಗಿಲಿಗೆ ಅದರ ಎದುರು ದಿಕ್ಕು. ಒಂದು ದಿನ ನಾನು ಐಸ್ ಕ್ಯಾಂಡಿ ಗಾಡಿ ನೋಡ್ತಾ ಲೆಕ್ಕ ತಪ್ಪಿಸಿದೆ. ಒಂದು ಸರಳಿಗೆ ಐದು ಸುತ್ತು ಬಿತ್ತು. "ವಾಪಸ್ಸು ತಿರುಗಿಸಿದ್ರೆ ಆಯ್ತಲ್ಲ ಚಿಕ್ಕಪ್ಪ" ಅಂದೆ. ಅವರು ನಕ್ಕು, "ಹಗ್ಗದ ಹುರಿ ಬಿಚ್ಬೋದು ಕಣ್ಲಾ, ಕಬ್ಬಿಣದ್ದು ಬಿಚ್ಚಕಾಗಲ್ಲ" ಅಂದರು. ಆ ಸರಳು ಗಿರಾಕಿಗೆ ಹೋಗಲಿಲ್ಲ, ನಮ್ಮ ಮನೆಯ ಗೇಟಿಗೇ ಬಂತು.

ತಿಪಟೂರು ತೆಂಗಿನ ಸೀಮೆ. ನಾರು ಹೊಸೆದು ಹಗ್ಗ ಮಾಡೋದನ್ನು ನೋಡಿ ಬೆಳೆದವರು ನಾವು. ಹಾಗಾಗಿ ಹುರಿ ಹಾಕಿದರೆ ಕಬ್ಬಿಣವೂ ಹಗ್ಗದ ಹಾಗೆ ಗಟ್ಟಿಯಾಗುತ್ತೆ ಅಂತ ನಾನು ತಿಳಿದಿದ್ದೆ. ಗಟ್ಟಿಯಾಗೋದು ನಿಜ, ಆದರೆ ಕಾರಣ ಬೇರೆ. ಹಗ್ಗದಲ್ಲಿ ತುಂಡು ತುಂಡು ನಾರುಗಳಿವೆ, ಹುರಿ ಅವುಗಳನ್ನು ಒಂದಕ್ಕೊಂದು ಅದುಮಿ ಹಿಡಿಯುತ್ತೆ. ಸರಳಿನಲ್ಲಿ ಬಿಡಿ ಬಿಡಿ ಎಳೆಗಳಿಲ್ಲ. ಅಲ್ಲಿರೋದು ಕಣ್ಣಿಗೆ ಕಾಣದ ಹರಳುಗಳು. ತಿರುಚಿದಾಗ ಆ ಹರಳುಗಳೊಳಗೆ ಪದರಗಳು ಒಂದರ ಮೇಲೊಂದು ಜಾರುತ್ತವೆ. ಜಾರುತ್ತಾ ಜಾರುತ್ತಾ ಅಲ್ಲಿನ ಲೋಪಗಳು ಒಂದಕ್ಕೊಂದು ತೊಡರಿ ಸಿಕ್ಕು ಬೀಳುತ್ತವೆ, ಮುಂದೆ ಜಾರೋದು ಕಷ್ಟ ಆಗುತ್ತೆ. ಅದಕ್ಕೇ ಎರಡನೇ ಸುತ್ತಿಗೆ ಮೊದಲನೆಯದಕ್ಕಿಂತ ಹೆಚ್ಚು ಬಲ ಬೇಕು.

ಇದರಿಂದ ಇನ್ನೊಂದು ಅನುಕೂಲ ಇದೆ. ತಣ್ಣಗಿರೋ ಸರಳನ್ನು ತಿರುಚಿದರೆ ಹುರಿ ಉದ್ದಕ್ಕೂ ಒಂದೇ ಸಮ ಬೀಳುತ್ತೆ. ಒಂದು ಕಡೆ ಸ್ವಲ್ಪ ಹೆಚ್ಚು ತಿರುಗಿದರೆ ಆ ಜಾಗ ಗಟ್ಟಿಯಾಗುತ್ತೆ, ಮುಂದಿನ ಸುತ್ತು ಪಕ್ಕದ ಮೆತ್ತನೆ ಜಾಗಕ್ಕೆ ಹೋಗುತ್ತೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಸರಳು ಹಾಗಲ್ಲ. ಎಲ್ಲಿ ಹೆಚ್ಚು ಕಾದಿದೆಯೋ ಅಲ್ಲೇ ಪೂರ್ತಿ ಹುರಿ ಗುಡ್ಡೆ ಬೀಳುತ್ತೆ. ಅದಕ್ಕೇ ಕಮ್ಮಾರರು ಸಾಕಷ್ಟು ತಿರುಗಿದ ಜಾಗಕ್ಕೆ ನೀರು ಸುರಿದು ತಣ್ಣಗೆ ಮಾಡಿ, ಉಳಿದದ್ದನ್ನು ತಿರುಚೋದು. ಇನ್ನೊಂದು ಲೆಕ್ಕ: ಸರಳು ಎಷ್ಟೇ ಉದ್ದ ಇರಲಿ, ತಿರುಚೋಕೆ ಬೇಕಾದ ಬಲ ಅಷ್ಟೇ, ಸುತ್ತು ಮಾತ್ರ ಹೆಚ್ಚು. ಆದರೆ ದಪ್ಪ ಎರಡರಷ್ಟಾದರೆ ಬಲ ಎಂಟರಷ್ಟು ಬೇಕು. ಅರ್ಧ ಇಂಚಿನದ್ದನ್ನು ನನ್ನಂಥ ಪುಳಿಚಾರೂ ತಿರುಚಬಹುದು, ಒಂದಿಂಚಿನದ್ದಕ್ಕೆ ಉದ್ದನೆ ಸಲಾಕೆಯೂ ಮೂರು ನಾಲ್ಕು ಜನ ಗಟ್ಟಿಗರೂ ಬೇಕು, ಇಲ್ಲಾ ಯಂತ್ರ ಬೇಕು.

ಇನ್ನು ಇತಿಹಾಸಕ್ಕೆ ಬರೋಣ. ಗೇಟಿನ ಅಂದಕ್ಕೆ ಸರಳು ತಿರುಚೋದು ಬಹಳ ಹಳೇ ಕಸುಬು. ಅದನ್ನು ಕಾಂಕ್ರೀಟಿನೊಳಗೆ ಹುದುಗಿಸಿ ಕಟ್ಟಡ ನಿಲ್ಲಿಸಿದವನು ಅರ್ನೆಸ್ಟ್ ರಾನ್ಸಮ್. ಇಂಗ್ಲೆಂಡಿನ ಇಪ್ಸ್‌ವಿಚ್ ಕಡೆಯವನು. ಅವನ ಅಪ್ಪ ಫ್ರೆಡೆರಿಕ್ ರಾನ್ಸಮ್ ಕೃತಕ ಕಲ್ಲು ತಯಾರಿಸುವ ವಿಧಾನಕ್ಕೆ ಪೇಟೆಂಟ್ ಪಡೆದಿದ್ದವನು. ಮಗ ಅಮೆರಿಕಕ್ಕೆ ಬಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದೇ ಕಸುಬು ಹಿಡಿದ. ನಮ್ಮ ಹಾಗೇ ಪರದೇಶಿ ಅನ್ನಿ!

ಆ ಹೊತ್ತಿಗೆ ಕಾಂಕ್ರೀಟಿನೊಳಗೆ ಕಬ್ಬಿಣ ಇಡೋ ವಿಚಾರ ಹೊಸದಾಗಿರಲಿಲ್ಲ. ಫ್ರಾನ್ಸಿನ ತೋಟಗಾರ ಜೋಸೆಫ್ ಮೋನಿಯೆ 1867ರಲ್ಲೇ ಕಬ್ಬಿಣದ ಬಲೆ ಇಟ್ಟ ಸಿಮೆಂಟ್ ಕುಂಡಗಳಿಗೆ ಪೇಟೆಂಟ್ ಪಡೆದಿದ್ದ. ಅಮೆರಿಕದ ಥೇಡಿಯಸ್ ಹಯಾಟ್ 1877ರಲ್ಲಿ ತನ್ನ ಪ್ರಯೋಗಗಳ ಪುಸ್ತಕವನ್ನೇ ಅಚ್ಚು ಹಾಕಿಸಿದ್ದ. ಕಾಂಕ್ರೀಟ್ ಒತ್ತಡ ತಡೆಯುತ್ತೆ, ಎಳೆತ ತಡೆಯಲ್ಲ. ಎಳೆತಕ್ಕೆ ಕಬ್ಬಿಣ ಬೇಕು. ತೊಡಕು ಏನಂದ್ರೆ, ನುಣುಪು ಸರಳು ಕಾಂಕ್ರೀಟಿನೊಳಗೆ ಜಾರಿಬಿಡಬಹುದು. ಜಾರಿದರೆ ಅದು ಇದ್ದೂ ಇಲ್ಲದ ಹಾಗೆ.

ರಾನ್ಸಮ್ ಮಾಡಿದ್ದು ಇಷ್ಟೇ. ಎಲ್ಲಾ ಕಡೆ ಸಿಗೋ ಸಾಧಾರಣ ಚೌಕ ಸರಳನ್ನು ತಣ್ಣಗಿರುವಾಗಲೇ ಉದ್ದಕ್ಕೂ ತಿರುಚಿದ. ಅದರ ನಾಲ್ಕು ಅಂಚುಗಳು ಸ್ಕ್ರೂ ಮರೆಯ ಹಾಗೆ ಸುತ್ತಿಕೊಂಡು ಕಾಂಕ್ರೀಟನ್ನು ಕಚ್ಚಿ ಹಿಡಿದವು. ಅದಕ್ಕೆ ಹೊಸ ಅಚ್ಚಿನ ಗಿರಣಿ ಬೇಡ, ವಿಶೇಷ ಕಬ್ಬಿಣ ಬೇಡ. 1884ರಲ್ಲಿ ಪೇಟೆಂಟ್ ಸಿಕ್ಕಿತು. ಜೊತೆಗೆ ಸರಳು ಮೊದಲಿಗಿಂತ ಬಲವಾಗಿತ್ತು. ಕಳಪೆ ಸರಳು ತಿರುಚುವಾಗಲೇ ಸೀಳು ಬಿಟ್ಟು ಸಿಕ್ಕಿಬೀಳುತ್ತಿತ್ತು, ಅಂದ್ರೆ ಪ್ರತಿ ಸರಳಿಗೂ ಪುಕ್ಕಟೆ ಪರೀಕ್ಷೆ!

ಇಷ್ಟೆಲ್ಲಾ ಇದ್ದರೂ ಜನ ಏನಂದರು? ನಕ್ಕರು. ಕ್ಯಾಲಿಫೋರ್ನಿಯಾದ ಒಂದು ತಾಂತ್ರಿಕ ಸಂಘದ ಮುಂದೆ ತನ್ನ ಸಂಗತಿ ಇಟ್ಟಾಗ ಗೇಲಿ ಮಾಡಿ ಕೂರಿಸಿದರು ಅಂತ ರಾನ್ಸಮ್ ತಾನೇ 1912ರ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ತಿರುಚಿದರೆ ಕಬ್ಬಿಣಕ್ಕೆ ಪೆಟ್ಟಾಗುತ್ತೆ ಅನ್ನೋದು ಸಭೆಯ ತೀರ್ಮಾನ. ಒಬ್ಬರಂತೂ ಬಹಳ ಕರುಣೆಯಿಂದ, ಇಷ್ಟೊಂದು ತಿರುಚದೆ ಸ್ವಲ್ಪ ಕಮ್ಮಿ ತಿರುಚಿದರೆ ಪೆಟ್ಟು ಕಮ್ಮಿ ಆದೀತು ಅಂತ ಸಲಹೆ ಕೊಟ್ಟರಂತೆ. ನಕ್ಕವರು ದಡ್ಡರೇನಲ್ಲ. ತಣ್ಣಗೆ ಬಡಿದ ಕಬ್ಬಿಣ ಪೆಡಸಾಗುತ್ತೆ ಅನ್ನೋದು ಯಾವ ಕಮ್ಮಾರನಿಗಾದರೂ ಗೊತ್ತಿದ್ದ ಸಂಗತಿ. ರಾನ್ಸಮ್ ಹತ್ತಿರ ಇದ್ದದ್ದು ಪರೀಕ್ಷೆಯ ಫಲಿತಾಂಶ ಮಾತ್ರ, 'ಯಾಕೆ' ಅನ್ನೋದಕ್ಕೆ ಉತ್ತರ ಇರಲಿಲ್ಲ. ಹರಳಿನೊಳಗಿನ ಆ ಲೋಪಗಳ ಸಿದ್ಧಾಂತ ಬಂದದ್ದು 1934ರಲ್ಲಿ. ಟೇಲರ್, ಒರೊವಾನ್, ಪೊಲಾನಿ ಅಂತ ಮೂವರು ಬೇರೆ ಬೇರೆಯಾಗಿ ಅದೇ ವರ್ಷ ಪ್ರಕಟಿಸಿದರು. ಪೇಟೆಂಟಿಗೂ ವಿವರಣೆಗೂ ನಡುವೆ ಸರಿಯಾಗಿ ಐವತ್ತು ವರ್ಷ. ಅಷ್ಟರಲ್ಲಿ ರಾನ್ಸಮ್ ತೀರಿಕೊಂಡು (1917) ಹದಿನೇಳು ವರ್ಷ ಆಗಿತ್ತು.

ಅವನು ವಾದ ಮಾಡುತ್ತಾ ಕೂರಲಿಲ್ಲ, ಕಟ್ಟಿದ. 1889ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ಆಲ್ವರ್ಡ್ ಲೇಕ್ ಸೇತುವೆ ಆಯಿತು. ಅಮೆರಿಕದಲ್ಲಿ ಉಳಿದಿರುವ ಅತ್ಯಂತ ಹಳೆಯ ಆರ್‌ಸಿಸಿ ಸೇತುವೆ ಅಂತ ಅದಕ್ಕೆ ಹೆಸರು. ಇದನ್ನು ಓದಿ ಕಳೆದ ತಿಂಗಳು ಹೋಗಿ ನೋಡಿಬಂದೆ. 'ಸೇತುವೆ' ಅಂದ ತಕ್ಷಣ ಪಕ್ಕದಲ್ಲೇ ಇರೋ ಗೋಲ್ಡನ್ ಗೇಟ್ ಸೇತುವೆ ಕಣ್ಮುಂದೆ ಬಂದರೆ ನಿರಾಸೆ ಖಚಿತ. ಇದು ಇಪ್ಪತ್ತು ಅಡಿ ಕಮಾನು, ಅಷ್ಟೇ. ಮೇಲೆ ರಸ್ತೆ, ಕೆಳಗೆ ಜನ ನಡೆಯೋ ದಾರಿ. ಒಳಗೆ ಗುಹೆಯ ಹಾಗೆ ಕಾಣಲಿ ಅಂತ ಕಾಂಕ್ರೀಟಿನಲ್ಲೇ ಜೋತುಬಿದ್ದ ಕಲ್ಲಿನ ಆಕಾರ ಮಾಡಿದ್ದಾರೆ. ಅದರಡಿ ಒಬ್ಬ ಹುಡುಗ ಗಿಟಾರ್ ಬಾರಿಸ್ತಾ ಕೂತಿದ್ದ. ತಲೆ ಮೇಲಿರೋದು 1906ರ ದೊಡ್ಡ ಭೂಕಂಪವನ್ನೂ 1989ರ ಭೂಕಂಪವನ್ನೂ ನುಂಗಿ ನಿಂತ ಕಮಾನು ಅಂತ ಅವನಿಗೆ ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಒಂದು ಡಾಲರ್ ಹಾಕಿ ಬಂದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂ ಇನ್ನೂ ಒಳ್ಳೆ ಸಾಕ್ಷಿ. ಅದರ ಮೊದಲ, ನಡುವಿನ ಭಾಗ ರಾನ್ಸಮ್‌ನ ತಿರುಚಿದ ಸರಳಿನ ಕಾಂಕ್ರೀಟಿನದ್ದು. ಆಮೇಲೆ ಸೇರಿಸಿದ ರೆಕ್ಕೆಗಳು ಇಟ್ಟಿಗೆಯವು. 1906ರಲ್ಲಿ ನೆಲ ನಡುಗಿದಾಗ ಇಟ್ಟಿಗೆ ರೆಕ್ಕೆಗಳು ಬಹುಪಾಲು ಕುಸಿದವು, ನಡುವಿನ ಭಾಗ ನಿಂತಿತು. ನ್ಯೂಜೆರ್ಸಿಯ ಬೇಯೋನ್‌ನಲ್ಲಿ ಅವನು ಕಟ್ಟಿದ ಬೋರಾಕ್ಸ್ ಕಾರ್ಖಾನೆಗೆ 1902ರಲ್ಲಿ ಬೆಂಕಿ ಬಿತ್ತು. ಒಳಗಿದ್ದದ್ದೆಲ್ಲಾ ಸುಟ್ಟುಹೋಯಿತು, ಕಾಂಕ್ರೀಟ್ ಕಟ್ಟಡ ಉಳಿಯಿತು. 1903ರಲ್ಲಿ ಸಿನ್ಸಿನಾಟಿಯ 16 ಮಹಡಿಯ ಇಂಗಲ್ಸ್ ಬಿಲ್ಡಿಂಗ್ ಇದೇ ಸರಳಿನ ಮೇಲೆ ಎದ್ದಿತು. ಜಗತ್ತಿನ ಮೊದಲ ಕಾಂಕ್ರೀಟ್ ಗಗನಚುಂಬಿ ಅದು. ಸೆಂಟ್ರಿಂಗ್ ಬಿಚ್ಚಿದ ರಾತ್ರಿ ಅದು ಬೀಳೋದನ್ನು ನೋಡೋಕೆ ಒಬ್ಬ ಪತ್ರಿಕೆಯವನು ನಿದ್ದೆಗೆಟ್ಟು ಕಾದ ಅಂತ ಕಥೆ ಇದೆ. ಬೀಳಲಿಲ್ಲ.

ಅಮೆರಿಕದಲ್ಲಿ ತಿರುಚಿದ ಚೌಕ ಸರಳು ಹೆಚ್ಚು ಕಾಲ ಬಾಳಲಿಲ್ಲ. ಗಿರಣಿಯಲ್ಲೇ ಗೆರೆ ಎಬ್ಬಿಸಿದ ದುಂಡು ಕಂಬಿ ಬಂದು ಅದರ ಜಾಗ ಹಿಡಿಯಿತು. ಆದರೆ 'ತಿರುಚಿದರೆ ಬಲ' ಅನ್ನೋ ಮಾತು ಯುರೋಪಿನಲ್ಲಿ ಉಳಿಯಿತು. 1930ರ ದಶಕದಲ್ಲಿ ಆಸ್ಟ್ರಿಯಾದಲ್ಲಿ ಎರಡು ಕಂಬಿಗಳನ್ನು ಜಡೆಯ ಹಾಗೆ ಹೊಸೆದ ಇಸ್ಟೆಗ್ ಅನ್ನೋ ಸರಳು ಬಂತು. ಮುಂದೆ ಗೆರೆ ಇರುವ ಒಂದೇ ಕಂಬಿಯನ್ನು ತಣ್ಣಗೆ ತಿರುಚೋದು ರೂಢಿಯಾಯಿತು. ಅದೇ ನಮ್ಮ ಟಾರ್! ಡಾಂಬರಿನ ಟಾರಿಗೂ ಇದಕ್ಕೂ ಸಂಬಂಧ ಇಲ್ಲ, ಇದು 'ಟಾರ್ಷನ್' ಅಂದ್ರೆ ತಿರುಚುವಿಕೆಯ ಟಾರ್. ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ನಾವು ಇಷ್ಟು ವರ್ಷ ಅದಕ್ಕೆ ಡಾಂಬರು ಬಳೀತಾರೆ ಅಂದ್ಕೊಂಡಿದ್ವಲ್ಲೋ ಅಂತ ನಕ್ಕರು.

ಭಾರತದಲ್ಲಿ ತಣ್ಣಗೆ ತಿರುಚಿದ ಕಂಬಿಗೆ ಐಎಸ್ 1786 ಅನ್ನೋ ಮಾನಕ ಬಂದದ್ದು 1961ರಲ್ಲಿ. ಅದು ಯಾಕೆ ಅಷ್ಟು ಬೇಗ ಮನೆಮಾತಾಯಿತು ಅನ್ನೋಕೆ ಒಂದು ಸಣ್ಣ ಲೆಕ್ಕ ಸಾಕು. ಸಾದಾ ನುಣುಪು ಕಂಬಿ ಚದರ ಮಿಲಿಮೀಟರಿಗೆ 250 ನ್ಯೂಟನ್ ಎಳೆತದವರೆಗೆ ಸೋಲದೆ ನಿಲ್ಲುತ್ತೆ. ಟಾರ್ 415ರವರೆಗೆ. ಅಂದ್ರೆ ಅದೇ ಎಳೆತಕ್ಕೆ ಹತ್ತು ಕೆಜಿ ಸಾದಾ ಕಂಬಿ ಬೇಕಾದ ಕಡೆ ಆರು ಕೆಜಿ ಸಾಕು. ಕಬ್ಬಿಣದ ಬೆಲೆ, ಹಂಚಿಕೆ ಎರಡೂ ಸರ್ಕಾರದ ಹಿಡಿತದಲ್ಲಿದ್ದ ಕಾಲ ಅದು. ಆ ಹಿಡಿತ ಸಡಿಲವಾಗಿದ್ದು 1992ರಲ್ಲಿ. ಮೇಷ್ಟ್ರ ಸಂಬಳದಲ್ಲಿ ಸಾಲ ಮಾಡಿ 1986ರಲ್ಲಿ ಮನೆ ಕಟ್ಟಿಸಿದ ನಮ್ಮಪ್ಪನಿಗೆ ಆ ನಾಲ್ಕು ಕೆಜಿ ಎಷ್ಟು ದೊಡ್ಡದು ಅಂತ ನನಗೆ ಈಗ ಅರ್ಥ ಆಗ್ತಿದೆ. ಮೋಲ್ಡ್ ಹಾಕುವ ದಿನ ಬೆಳಿಗ್ಗೆ ಅವರು ಸೆಂಟ್ರಿಂಗ್ ಮೇಲೆ ಕೂತು ಒಂದೊಂದೇ ಕಂಬಿ ಮುಟ್ಟಿ ಎಣಿಸಿದ್ದು ನನಗೆ ನೆನಪಿದೆ.

ಹಾಗಾದ್ರೆ ಟಾರ್ ಯಾಕೆ ಹೋಯಿತು? ಇಲ್ಲಿ ಊರಿನವರ ಮಾತಿನಲ್ಲೂ ಸತ್ಯ ಇದೆ. ತಿರುಚಿ ಗಳಿಸಿದ ಬಲ ಪುಕ್ಕಟೆ ಬರೋದಿಲ್ಲ. ಕಂಬಿ ಬಲವಾದಷ್ಟೂ ಹಿಗ್ಗುವ ಗುಣ ಕಮ್ಮಿಯಾಗುತ್ತೆ, ಭೂಕಂಪದಲ್ಲಿ ಬೇಕಾದದ್ದು ಆ ಹಿಗ್ಗುವ ಗುಣವೇ. ಒಳಗೆ ಬಿಗಿತ ಉಳಿದುಕೊಂಡಿರುತ್ತೆ, ತುಕ್ಕಿಗೆ ಬೇಗ ತುತ್ತಾಗುತ್ತೆ. ಚೆನ್ನಾಗಿ ಕಾಯಿಸಿದರೆ ಗಳಿಸಿದ ಬಲ ಇಳಿದುಹೋಗುತ್ತೆ. 1970ರ ದಶಕದಲ್ಲಿ ಬೆಲ್ಜಿಯಂನಲ್ಲಿ ಬೇರೆ ದಾರಿ ಕಂಡುಕೊಂಡರು. ಗಿರಣಿಯಿಂದ ಕೆಂಪಗೆ ಬರುವ ಕಂಬಿಯ ಮೇಲೆ ಜೋರಾಗಿ ನೀರು ಹಾಯಿಸಿದರೆ ಹೊರಗಿನ ಪದರ ಗಟ್ಟಿಯಾಗುತ್ತೆ, ಒಳಗಿನ ಕಾವು ಅದನ್ನು ಹದ ಮಾಡುತ್ತೆ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಹಲಸಿನ ಹಣ್ಣಿನ ಹಾಗೆ. ತಿರುಚುವ ಕೆಲಸವೇ ಇಲ್ಲ. ಅದೇ ಈಗಿನ ಟಿಎಂಟಿ. ತೊಂಬತ್ತರ ದಶಕದಿಂದ ಈಚೆಗೆ ನಮ್ಮಲ್ಲಿ ಟಾರನ್ನು ಪಕ್ಕಕ್ಕೆ ಸರಿಸಿದ್ದು ಅದು. ಆದರೂ ಎಷ್ಟೋ ಮೇಸ್ತ್ರಿಗಳ ಬಾಯಲ್ಲಿ ಗೆರೆ ಇರೋ ಕಂಬಿಯೆಲ್ಲಾ ಇನ್ನೂ ಟಾರೇ.

ಹಾಗಂತ ಮನೆ ಕೆಡವಬೇಕಾ? ಇಷ್ಟು ಓದಿದ ಮೇಲೆ ನಾನು ಅಣ್ಣನಿಗೆ ಹೇಳಿದ್ದು ಒಂದೇ ಮಾತು: ಕಂಬಿಯ ಹೆಸರು ನೋಡಿ ತೀರ್ಮಾನ ಮಾಡೋದು ಬೇಡ, ಕಂಬಿಯನ್ನು ನೋಡೋಣ. ತುಮಕೂರಿನಿಂದ ಹಳೇ ಕಟ್ಟಡಗಳ ಅನುಭವ ಇದ್ದ ಒಬ್ಬ ಎಂಜಿನಿಯರನ್ನು ಕರೆಸಿದೆವು. ಅವರು ಮೂರು ರೂಮಿನಲ್ಲಿ ಚೂರು ಚೂರು ಕೆತ್ತಿಸಿ ನೋಡಿದರು. ಕಾಂಕ್ರೀಟ್ ಬಿದ್ದ ರೂಮಿನ ಮೇಲೆ ನೀರಿನ ಟ್ಯಾಂಕ್ ಇದೆ, ವರ್ಷಗಟ್ಟಲೆ ಸೋರಿದೆ. ಅಲ್ಲಿ ಕಂಬಿಯ ಕೆಳಗೆ ಕಾಂಕ್ರೀಟ್ ಕಿರುಬೆರಳಿನ ದಪ್ಪವೂ ಇರಲಿಲ್ಲ. ಉಳಿದೆರಡು ರೂಮಿನಲ್ಲಿ ಕಂಬಿಯ ಹುರಿ ನಿನ್ನೆ ಹಾಕಿದ ಹಾಗಿತ್ತು. ಅಂದ್ರೆ ತುಕ್ಕಿಗೆ ಬಾಗಿಲು ತೆಗೆದದ್ದು ಸೋರುವ ನೀರು ಮತ್ತು ಮೋಲ್ಡ್ ಹಾಕಿದ ದಿನದ ಅವಸರ. ಟಾರ್ ಅದಕ್ಕೆ ಬೇಗ ಸೋತಿತು ಅನ್ನಬಹುದು, ಆದರೆ ತಪ್ಪು ಶುರುವಾದದ್ದು ಅದರಿಂದಲ್ಲ. ಆ ಒಂದು ರೂಮಿನ ತಾರಸಿ ತೆಗೆಸಿ ಹೊಸದು ಹಾಕಿಸೋದು, ಟ್ಯಾಂಕ್ ಬೇರೆ ಕಡೆಗೆ ಸಾಗಿಸೋದು, ಮೇಲೆ ಇನ್ನೊಂದು ಮಹಡಿ ಏರಿಸೋ ಆಸೆ ಬಿಡೋದು ಅಂತ ತೀರ್ಮಾನ ಆಯಿತು. ಅಣ್ಣನಿಗೆ ಸ್ವಲ್ಪ ಬೇಜಾರು, ಮಹಡಿ ಅವನ ಕನಸು.

ಅಪ್ಪನಿಗೆ ಗೆದ್ದೆ ಅನ್ನೋ ಸಂತೋಷ ಆಗುತ್ತೆ ಅಂದುಕೊಂಡಿದ್ದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಬಿ ಎಣಿಸಿದ್ನಲ್ಲಪ್ಪಾ, ಕೆಳಗೆ ಎಷ್ಟು ಸಂದು ಬಿಟ್ಟವ್ರೆ ಅಂತ ಬಗ್ಗಿ ನೋಡ್ಲಿಲ್ಲ" ಅಂದರು. ನಾನು ಏನೂ ಹೇಳಲಿಲ್ಲ. ಚಿಕ್ಕಪ್ಪ ಮಾಡಿದ ಗೇಟ್ ಹೇಗಿದೆ ಅಂತ ಮಾತು ತಿರುಗಿಸಿದೆ. ಬಣ್ಣ ಹೊಡೆಸಬೇಕು, ಮತ್ತೇನಿಲ್ಲ ಅಂದರು.

ಇಲ್ಲಿ ನನ್ನ ಗೇಟಿನ ಎರಡು ಸರಳೂ ಕೂತಿವೆ. ಒಂದು ಸುಮಾರಾಗಿ ಬಂದಿದೆ, ಇನ್ನೊಂದರ ಹುರಿ ಎದುರು ದಿಕ್ಕಿಗೆ ಹೋಗಿಬಿಟ್ಟಿದೆ. ಅಜ್ಜ ನೋಡಿದರು, ಬಾಯಿ ಬಿಡಲಿಲ್ಲ. ನಿಮ್ಮ ಊರಿನ ಮನೆಯೂ ಎಪ್ಪತ್ತು ಎಂಬತ್ತರ ದಶಕದ್ದಾಗಿದ್ದರೆ, ಅದರೊಳಗೂ ಬಹುಶಃ ಇಂಥದ್ದೇ ಹುರಿ ಹಾಕಿದ ಕಬ್ಬಿಣ ಇದ್ದೀತು. ಮುಂದಿನ ಸಲ ರಜಕ್ಕೆ ಹೋದಾಗ ಮೊದಲು ತಾರಸಿ ಹತ್ತಿ, ಟ್ಯಾಂಕ್ ಸೋರುತ್ತಾ ಇದೆಯಾ ಅಂತ ನೋಡಿಬನ್ನಿ.